ಟಿಬಿ ವಂಶದಿಂದ ಬರುತ್ತದೆಯೇ? ರಾಬರ್ಟ್ ಕಾಕ್ ಕಂಡುಹಿಡಿದದ್ದೇನು, ಎಡವಿದ್ದೆಲ್ಲಿ?

ಹುಡುಗಿಯ ಅಜ್ಜನಿಗೆ ಟಿಬಿ ಇತ್ತಂತೆ, ಚಿಕ್ಕಪ್ಪನಿಗೂ ಬಂದಿತ್ತಂತೆ ಎಂಬ ಮಾತು ಕಿವಿಗೆ ಬಿದ್ದರೆ ಗಂಡಿನ ಕಡೆಯವರು ಹಿಂದೆ ಸರಿಯುವುದನ್ನು ಈಗಲೂ ಕೇಳುತ್ತೇವೆ. ಕ್ಷಯ ರಕ್ತದಲ್ಲೇ ಇಳಿದು ಬರುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಆದರೆ ಇದು ಸುಳ್ಳು ಎಂದು ಸಾಬೀತಾಗಿ 140 ವರ್ಷ ದಾಟಿದೆ. ಸಾಬೀತು ಮಾಡಿದವರು ಜರ್ಮನಿಯ ವೈದ್ಯ ರಾಬರ್ಟ್ ಕಾಕ್. ಅವರ ಗೆಲುವಿನ ಕಥೆ ಶಾಲೆಯ ಪುಸ್ತಕದಲ್ಲಿದೆ. ಅವರ ತಪ್ಪುಗಳ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಇಲ್ಲಿ ಎರಡನ್ನೂ ಹೇಳುತ್ತೇವೆ.

ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಕ್ಲೌಸ್ಟಾಲ್ ಎಂಬ ಗಣಿಗಳ ಊರಿನಲ್ಲಿ. ಗಾಟಿಂಗೆನ್‌ನಲ್ಲಿ ವೈದ್ಯಕೀಯ ಓದಿ, 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಊರಿಗೆ ಸರ್ಕಾರಿ ವೈದ್ಯರಾಗಿ ಹೋದರು. ಆ ಊರು ಈಗ ಪೋಲೆಂಡ್‌ನಲ್ಲಿದೆ. ರೋಗಿಗಳನ್ನು ನೋಡುತ್ತಿದ್ದ ಮನೆಯಲ್ಲೇ ಅವರ ಪ್ರಯೋಗಶಾಲೆಯೂ ಇತ್ತು. ಹೆಂಡತಿ ಎಮ್ಮಿ ಉಡುಗೊರೆಯಾಗಿ ಕೊಟ್ಟ ಮೈಕ್ರೋಸ್ಕೋಪೇ ಅಲ್ಲಿನ ದೊಡ್ಡ ಆಸ್ತಿ. ದನ, ಕುರಿಗಳನ್ನು ಕೊಲ್ಲುತ್ತಿದ್ದ ಆಂಥ್ರಾಕ್ಸ್ ರೋಗದ ರಕ್ತವನ್ನು ಮರದ ಸಣ್ಣ ಸಿಬಿರುಗಳಿಗೆ ಸವರಿ, ಅವುಗಳಿಂದಲೇ ಇಲಿಗಳಿಗೆ ಚುಚ್ಚಿ ಪರೀಕ್ಷಿಸಿದರು. ಒಂದು ನಿರ್ದಿಷ್ಟ ರೋಗಕ್ಕೆ ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾವೇ ಕಾರಣ ಎಂದು 1876ರಲ್ಲಿ ಅವರು ತೋರಿಸಿಕೊಟ್ಟದ್ದು ಹೀಗೆ. ನಾಲ್ಕು ವರ್ಷಗಳ ನಂತರ ಬರ್ಲಿನ್‌ನಿಂದ ಕರೆ ಬಂತು.

ಆ ಕಾಲದಲ್ಲಿ ಏಳು ಸಾವುಗಳಲ್ಲಿ ಒಂದು ಕ್ಷಯದಿಂದ ಎಂಬುದು ಕಾಕ್ ಅವರದೇ ಅಂದಾಜು. ಒಂದೇ ಮನೆಯಲ್ಲಿ ತಾಯಿ, ಆಮೇಲೆ ಮಗ, ಆಮೇಲೆ ಮಗಳು ಹಾಸಿಗೆ ಹಿಡಿಯುವುದನ್ನು ಕಂಡ ಯುರೋಪಿನ ಎಷ್ಟೋ ವೈದ್ಯರು ಇದನ್ನು ವಂಶದ ಕಾಯಿಲೆ ಎಂದೇ ತಿಳಿದಿದ್ದರು. ಕ್ಷಯ ಮೊಲಗಳಿಗೆ ಅಂಟುತ್ತದೆ ಎಂದು ಫ್ರಾನ್ಸಿನ ವಿಲ್ಮಾಂ 1865ರಲ್ಲೇ ತೋರಿಸಿದ್ದರೂ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ರೋಗಾಣುವನ್ನೇ ಕಣ್ಣಿಗೆ ತೋರಿಸದೆ ಯಾರೂ ನಂಬುವಂತಿರಲಿಲ್ಲ.

ತೋರಿಸುವುದೇ ಕಷ್ಟವಾಗಿತ್ತು. ಈ ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ಪದರವಿದೆ, ಹಾಗಾಗಿ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಕಾಕ್ ನೀಲಿ ಬಣ್ಣಕ್ಕೆ ಕ್ಷಾರ ಬೆರೆಸಿ, ಆಮೇಲೆ ಕಂದು ಬಣ್ಣ ಹಾಕಿ ನೋಡಿದರು. ಸುತ್ತಲಿನ ಜೀವಕೋಶಗಳೆಲ್ಲ ಕಂದಾದವು, ನಡುವೆ ತೆಳ್ಳಗಿನ ಕಡ್ಡಿಗಳು ಮಾತ್ರ ನೀಲಿಯಾಗಿ ಉಳಿದವು. ಮುಂದಿನ ಹೆಜ್ಜೆ ಅವನ್ನು ದೇಹದ ಹೊರಗೆ ಬೆಳೆಸುವುದು. ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಸುಮಾರು 20 ಗಂಟೆ ಬೇಕು. ಬೇರೆಯವರು ಕೆಲವೇ ದಿನ ಕಾದು ಏನೂ ಬೆಳೆಯಲಿಲ್ಲವೆಂದು ಎಸೆದುಬಿಡುವಂಥದ್ದನ್ನು ಕಾಕ್ ವಾರಗಟ್ಟಲೆ ಇಟ್ಟು ಕಾದರು. ದನದ ರಕ್ತದ ಸೀರಮ್ಮನ್ನು ಕಾಯಿಸಿ ಗಟ್ಟಿ ಮಾಡಿ, ಅದರ ಮೇಲೆ ಬೆಳೆಸಿ, ಗಿನಿಪಿಗ್‌ಗಳಿಗೆ ಚುಚ್ಚಿದರು. ಅವಕ್ಕೂ ಕ್ಷಯ ಬಂತು, ಅವುಗಳ ದೇಹದಲ್ಲೂ ಅದೇ ಕಡ್ಡಿಗಳು ಸಿಕ್ಕವು. 1882ರ ಮಾರ್ಚ್ 24ರಂದು ಬರ್ಲಿನ್‌ನ ಒಂದು ಸಭೆಯಲ್ಲಿ ಇದನ್ನೆಲ್ಲ ಮುಂದಿಟ್ಟರು. ಪ್ರತಿ ವರ್ಷ ವಿಶ್ವ ಕ್ಷಯರೋಗ ದಿನ ಬರುವುದು ಅದೇ ತಾರೀಖಿಗೆ. ಎರಡು ವರ್ಷಗಳ ನಂತರ ಕಾಕ್ ಕಲ್ಕತ್ತೆಗೂ ಬಂದರು. ಅಲ್ಲಿ ಅವರು ಹುಡುಕುತ್ತಿದ್ದುದು ಕಾಲರಾದ ಬ್ಯಾಕ್ಟೀರಿಯಾವನ್ನು, ಅದೂ ಸಿಕ್ಕಿತು.

ಇಷ್ಟು ಹೆಸರು ಬಂದ ಮೇಲೆ ಏನಾಯಿತು ನೋಡಿ. 1890ರಲ್ಲಿ ಕಾಕ್ ಟಿಬಿಗೆ ಮದ್ದು ಸಿಕ್ಕಿತೆಂದು ಪ್ರಕಟಿಸಿದರು. ಅದರಲ್ಲಿ ಏನಿದೆ ಎಂದು ಮಾತ್ರ ಹೇಳಲಿಲ್ಲ. ಸಾವಿರಾರು ರೋಗಿಗಳು ಬರ್ಲಿನ್‌ಗೆ ಧಾವಿಸಿದರು. ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ, ವೈದ್ಯರೂ ಆಗಿದ್ದ ಕಾನನ್ ಡಾಯ್ಲ್ ಅಲ್ಲಿಗೆ ಹೋಗಿ ವಾರ್ಡುಗಳನ್ನು ನೋಡಿ, ಇದನ್ನು ಈಗಲೇ ನಂಬಬೇಡಿ ಎಂಬ ಅರ್ಥದಲ್ಲಿ ಬರೆದರು. ಅವರ ಅನುಮಾನ ಸರಿಯಾಗಿತ್ತು. ಆ ಮದ್ದು ಟಿಬಿ ಬ್ಯಾಕ್ಟೀರಿಯಾದಿಂದಲೇ ಗ್ಲಿಸರಿನ್‌ನಲ್ಲಿ ತೆಗೆದ ಸಾರ, ಹೆಸರು ಟ್ಯೂಬರ್ಕ್ಯುಲಿನ್. ಅದರಿಂದ ರೋಗ ಗುಣವಾಗಲಿಲ್ಲ, ಕೆಲವರಿಗೆ ಹೆಚ್ಚೂ ಆಯಿತು, ಸತ್ತವರೂ ಇದ್ದಾರೆ. ದೊಡ್ಡ ಡಾಕ್ಟರ್ ಹೆಸರು ಹಾಕಿ ಬರುವ ರಹಸ್ಯ ಔಷಧದ ಫಾರ್ವರ್ಡ್ ನಿಮ್ಮ ಮೊಬೈಲಿಗೆ ಬಂದಾಗ ಇದು ನೆನಪಿರಲಿ. ಇಲ್ಲಿ ಹೆಸರು ಅಸಲಿಯೇ ಆಗಿತ್ತು. ಮದ್ದಾಗಿ ಸೋತ ಅದೇ ಸಾರ ಮುಂದೆ ಬೇರೆ ಕೆಲಸಕ್ಕೆ ಬಂತು: ಮಕ್ಕಳ ಮುಂಗೈಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ಊತ ಅಳೆಯುವ ಮ್ಯಾಂಟೂ ಪರೀಕ್ಷೆ ಹುಟ್ಟಿದ್ದು ಅದರಿಂದಲೇ.

ಎರಡನೇ ತಪ್ಪು 1901ರದು. ದನಕ್ಕೆ ಬರುವ ಟಿಬಿಯಿಂದ ಮನುಷ್ಯರಿಗೆ ಹೆದರಿಕೆ ಬಹಳ ಕಡಿಮೆ, ಹಾಲಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕಿಲ್ಲ ಎಂದು ಲಂಡನ್ನಿನ ಸಮ್ಮೇಳನದಲ್ಲಿ ವಾದಿಸಿದರು. ಬ್ರಿಟನ್ ಸರ್ಕಾರ ನೇಮಿಸಿದ ಆಯೋಗ ವರ್ಷಗಟ್ಟಲೆ ಪರೀಕ್ಷೆ ನಡೆಸಿ, ಅದು ಹಾಲಿನ ಮೂಲಕ ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳಿಗೆ ಬರುತ್ತದೆ ಎಂದಿತು. 1905ರ ನೊಬೆಲ್ ಪಡೆದಿದ್ದ ಕಾಕ್ 1910ರ ಮೇ 27ರಂದು ತೀರಿಕೊಂಡರು. ಹಸಿ ಹಾಲು ಕುಡಿದರೆ ಶಕ್ತಿ ಬರುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ಹಾಲು ಕಾಯಿಸಿಯೇ ಕುಡಿಯಿರಿ.

ಕಾಕ್ ಕಾಲದಲ್ಲಿ ವಂಶವಾಹಿಗಳನ್ನು ಓದುವ ದಾರಿಯೇ ಇರಲಿಲ್ಲ. 1998ರಲ್ಲಿ ವಿಜ್ಞಾನಿಗಳು ಟಿಬಿ ಬ್ಯಾಕ್ಟೀರಿಯಾದ ಇಡೀ ಡಿಎನ್‌ಎ ಓದಿದರು: ಸುಮಾರು 44 ಲಕ್ಷ ಅಕ್ಷರಗಳು, 4,000ದಷ್ಟು ವಂಶವಾಹಿಗಳು. 2003ರಲ್ಲಿ ದನದ ಟಿಬಿಯದನ್ನೂ ಓದಿ ಹೋಲಿಸಿದಾಗ ಎರಡೂ ಶೇ. 99.95ಕ್ಕಿಂತ ಹೆಚ್ಚು ಒಂದೇ ಆಗಿದ್ದವು. ದನದಿಂದಲೇ ಮನುಷ್ಯನಿಗೆ ಮೊದಲು ಟಿಬಿ ಬಂತು ಎಂಬ ಹಳೆಯ ಊಹೆಯೂ ಬಿದ್ದುಹೋಯಿತು. ಮನುಷ್ಯರ ಟಿಬಿಯಲ್ಲಿ ಇನ್ನೂ ಉಳಿದಿರುವ ಕೆಲವು ಡಿಎನ್‌ಎ ತುಣುಕುಗಳು ದನದ ಟಿಬಿಯಲ್ಲಿ ಕಳೆದುಹೋಗಿವೆ. ಕಳೆದುಕೊಂಡದ್ದು ಪೂರ್ವಜನಾಗಲು ಸಾಧ್ಯವಿಲ್ಲ.

ಹಾಗಾದರೆ ವಂಶದ ಮಾತು ಪೂರ್ತಿ ಸುಳ್ಳೇ? ಕೆಲವರ ದೇಹ ಹುಟ್ಟಿನಿಂದಲೇ ಈ ಸೋಂಕನ್ನು ತಡೆಯುವುದರಲ್ಲಿ ಸ್ವಲ್ಪ ಹಿಂದೆ ಇರಬಹುದು. ಆದರೆ ಬ್ಯಾಕ್ಟೀರಿಯಾ ಉಸಿರಿನಲ್ಲಿ ಒಳಗೆ ಹೋಗದೆ ಶ್ವಾಸಕೋಶದ ಟಿಬಿ ಬರುವುದಿಲ್ಲ. ಒಂದೇ ಮನೆಯವರು ಒಂದೇ ಗಾಳಿ ಉಸಿರಾಡುತ್ತಾರೆ, ಅದಕ್ಕೇ ಒಬ್ಬರ ಹಿಂದೆ ಒಬ್ಬರಿಗೆ ಬರುತ್ತದೆ. ನಿಜವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಬ್ಯಾಕ್ಟೀರಿಯಾದ ಗುಣ. ಅದರ ಆರ್‌ಪಿಒಬಿ ಎಂಬ ವಂಶವಾಹಿಯಲ್ಲಿ ಒಂದೆರಡು ಅಕ್ಷರ ಬದಲಾದರೂ ಸಾಕು, ಟಿಬಿಯ ಮುಖ್ಯ ಮಾತ್ರೆ ರಿಫಾಂಪಿಸಿನ್ ನಾಟದೇ ಹೋಗಬಹುದು. ಮಾತ್ರೆಯನ್ನು ನಡುವೆ ಬಿಟ್ಟಾಗ ಇಂಥ ಬ್ಯಾಕ್ಟೀರಿಯಾಗಳೇ ಬದುಕುಳಿದು, ಮರಿಗಳಿಗೂ ಅದೇ ಗುಣ ದಾಟಿಸುತ್ತವೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನಾಟ್ ಎಂದು ಕರೆಯುವ ಕಫ ಪರೀಕ್ಷೆ ನೋಡುವುದು ಇದೇ ವಂಶವಾಹಿಯನ್ನು. ಕಾಕ್ ವಾರಗಟ್ಟಲೆ ಕಾದ ಜಾಗದಲ್ಲಿ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ಇದ್ದರೆ ರಿಫಾಂಪಿಸಿನ್ ನಾಟುತ್ತದೆಯೇ ಎಂದು ಹೇಳುತ್ತದೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಕೊಟ್ಟು ಬನ್ನಿ, ಪರೀಕ್ಷೆ ಉಚಿತ. ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಉಳಿದವರನ್ನೂ ಪರೀಕ್ಷಿಸುತ್ತಾರೆ, ರೋಗ ಇನ್ನೂ ಬಂದಿಲ್ಲದವರಿಗೆ ಬರದಂತೆ ತಡೆಯುವ ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ.