ಪುಸ್ತಕದ ಗಂಟು ಹೊತ್ತ ಗಳಗನಾಥರು

ಅರಸೀಕೆರೆ ಹತ್ತಿರ, ಮಾಲೇಕಲ್ಲು ತಿರುಪತಿ ಬೆಟ್ಟದ ಕಡೆ ನಮ್ಮ ಮಾವಂದು ಸಣ್ಣ ಕೊಬ್ಬರಿ ವ್ಯಾಪಾರ ಇದೆ. ಹೋದ ರಜೆಯಲ್ಲಿ ಅವರ ಫೋನ್ ನೀರಿಗೆ ಬಿದ್ದು, ಗಿರಾಕಿಗಳ ನಂಬರೆಲ್ಲ ಹೋಯ್ತು. ಒಂದು ಒಳ್ಳೆ ಕಾಂಟ್ಯಾಕ್ಟ್ ಸಾಫ್ಟ್‌ವೇರ್ ಆರಿಸಿಕೊಡು ಅಂತ ನನಗೆ ಹೇಳಿದರು. ನಾನು ಫೀಚರ್‌ಗಳನ್ನ ಪಟ್ಟಿ ಮಾಡ್ತಾ ಕೂತೆ. ಆಗಲೇ ಈ ಪತ್ರಿಕೆಗೆ ಬರೆಯೋಕೆ ಗಳಗನಾಥರ ಬಗ್ಗೆ ಓದ್ತಿದ್ದೆ. ಆ ಓದಿನಿಂದ ನನ್ನ ಪಟ್ಟಿಯೇ ಬದಲಾಯ್ತು.

ಗಳಗನಾಥರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ. ವರದಾ ಮತ್ತು ತುಂಗಭದ್ರಾ ನದಿ ಸೇರುವ ಜಾಗ ಅದು. ಊರಿನ ಹೆಸರನ್ನೇ ಬರವಣಿಗೆಗೆ ಇಟ್ಟುಕೊಂಡರು. ವೃತ್ತಿಯಲ್ಲಿ ಕನ್ನಡ ಶಾಲೆ ಮಾಸ್ತರರು.

ಆ ಕಾಲದಲ್ಲಿ ಧಾರವಾಡದ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಓದಿದವರಲ್ಲಿ ಮರಾಠಿಯದೇ ಜೋರು. ಕನ್ನಡದಲ್ಲಿ ಕಾದಂಬರಿ ಅನ್ನೋದೇ ಹೊಸದು. ಅಂದರೆ ಗಳಗನಾಥರು ಪ್ರಾಡಕ್ಟ್ ಜೊತೆಗೆ ಗಿರಾಕಿಗಳನ್ನೂ ತಾವೇ ಹುಟ್ಟಿಸಬೇಕಿತ್ತು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನ ಕನ್ನಡಕ್ಕೆ ತಂದರು, ತಾವೂ ಬರೆದರು. ವಿಜಯನಗರ ಹುಟ್ಟಿದ ಕತೆ ಹೇಳುವ ಅವರ ದೊಡ್ಡ ಕಾದಂಬರಿ ಮಾಧವ ಕರುಣಾ ವಿಲಾಸ 1923ರಲ್ಲಿ ಬಂತು.

ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ, ಮನೆ ಮನೆಗೆ ಹೋಗಿ ಮಾರಿದರು. ಇವತ್ತಿಗೂ ಜನ ಅವರನ್ನ ನೆನೆಸೋದು ಮೊದಲು ಇದಕ್ಕೇ.

1907ರಲ್ಲಿ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಸದ್ಬೋಧ ಚಂದ್ರಿಕೆ ಅನ್ನೋ ಮಾಸಪತ್ರಿಕೆ ಶುರುವಾಯ್ತು. ಅದರ ಸಂಪಾದಕರೂ ಅವರೇ. ಸ್ವಲ್ಪ ಯೋಚನೆ ಮಾಡಿ. ಪುಸ್ತಕ ಒಂದು ಸಲ ಮಾರಿದರೆ ಮುಗೀತು. ಚಂದಾ ಪತ್ರಿಕೆ ಹಾಗಲ್ಲ, ಪ್ರತಿ ತಿಂಗಳೂ ಓದುಗರ ಮನೆ ಮುಟ್ಟಬೇಕು. ಯಾರು, ಯಾವ ಊರು, ಯಾವ ಅಂಚೆ, ಚಂದಾ ಯಾವಾಗ ಮುಗಿಯುತ್ತೆ, ಈ ನಾಲ್ಕು ವಿಷಯ ತಪ್ಪಿದರೆ ಓದುಗ ಕೈಬಿಟ್ಟು ಹೋಗ್ತಾನೆ. ನಾವು ಕಾಂಟ್ಯಾಕ್ಟ್ ಮ್ಯಾನೇಜ್‌ಮೆಂಟ್ ಅನ್ನೋದು ಮೂಲದಲ್ಲಿ ಇಷ್ಟೇ. ಸರ್ವರ್, ನೋಟಿಫಿಕೇಶನ್ ಎಲ್ಲ ಆಮೇಲಿನದು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕನ್ನಡ ಕಾದಂಬರಿಗೆ ಓದುಗರು ಹುಟ್ಟಿದ್ದರು. ಅವರನ್ನ ಕಾದಂಬರಿ ಪಿತಾಮಹ ಅಂತ ಕರೀತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ಹೆಸರು ಗೊತ್ತಾಗೋಕೆ ಹತ್ತೊಂಬತ್ತು ವರ್ಷ ಬೇಕಾಯ್ತು. ಸ್ವಲ್ಪ ನಾಚಿಕೆ ಆಗುತ್ತೆ.

ಮಾವನ ವಿಷಯಕ್ಕೆ ಬರ್ತೀನಿ. ನಾನು ನೋಡಿದ ಒಂದು ಸಾಫ್ಟ್‌ವೇರಿನಲ್ಲಿ ಒಬ್ಬ ಗಿರಾಕಿಗೆ ಮೂವತ್ತಕ್ಕೂ ಹೆಚ್ಚು ಕಾಲಂ ಇತ್ತು. ಮಾವ ಅದನ್ನ ತುಂಬಿಸೋದೇ ಇಲ್ಲ. ಅದಕ್ಕೆ ನನ್ನ ಪ್ರಶ್ನೆಗಳನ್ನ ಮೂರಕ್ಕೆ ಇಳಿಸಿದೆ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಬಹುದಾ? ಫೋನ್ ಹೋದರೂ ಡೇಟಾ ಉಳಿಯುತ್ತಾ? ನಾಳೆ ಬೇರೆ ಸಾಫ್ಟ್‌ವೇರಿಗೆ ಹೋಗಬೇಕಾದರೆ ಪಟ್ಟಿಯನ್ನ ಫೈಲ್ ಮಾಡಿ ತೆಗೆದುಕೊಳ್ಳಬಹುದಾ? ಸದ್ಯಕ್ಕೆ ಆನ್‌ಲೈನ್ ಸ್ಪ್ರೆಡ್‌ಶೀಟಿನಲ್ಲಿ ಐದು ಕಾಲಂ ಸಾಕಾಯ್ತು: ಹೆಸರು, ಊರು, ನಂಬರ್, ಬಾಕಿ, ಮುಂದೆ ಯಾವಾಗ ಮಾತಾಡಬೇಕು.

ಕಳೆದುಹೋದ ನಂಬರ್‌ಗಳನ್ನ ಮಾತ್ರ ಯಾವ ಸಾಫ್ಟ್‌ವೇರೂ ವಾಪಸ್ ತರಲಿಲ್ಲ. ಮಾವ ಬೈಕ್ ಹತ್ತಿ ಊರೂರು ತಿರುಗಿ ಕೇಳಿಕೊಂಡು ಬಂದರು. ನಾನು ಹಿಂದೆ ಕೂತು ಬರೆದುಕೊಂಡೆ.