ಹಿಲರಿ ಜೆಂಕಿನ್ಸನ್ ಮತ್ತು ಪತ್ರಪಾಲಕರ ಶಿಕ್ಷಣ

ಇತಿಹಾಸ ಗ್ರಂಥವನ್ನು ಓದುವವರು ಅದರ ಕರ್ತೃವನ್ನು ನೆನೆಯುತ್ತಾರೆ. ಆ ಗ್ರಂಥಕ್ಕೆ ಆಧಾರವಾದ ದಾಖಲೆಗಳನ್ನು ಹುಳು, ತೇವ, ಬೆಂಕಿ ಹಾಗೂ ಮನುಷ್ಯರ ಅನಾಸ್ಥೆಯಿಂದ ಕಾಪಾಡಿದವರನ್ನು ನೆನೆಯುವುದು ಅಪರೂಪ. ಗ್ರಂಥಾಲಯಕ್ಕೆ ಗ್ರಂಥಪಾಲನಿರುವಂತೆ ಪತ್ರಾಗಾರಕ್ಕೆ ಪತ್ರಪಾಲಕನಿರುತ್ತಾನೆ. ಈ ವೃತ್ತಿಗೆ ತನ್ನದೇ ಆದ ಶಾಸ್ತ್ರವುಂಟು, ಅದನ್ನು ವಿಶ್ವವಿದ್ಯಾಲಯದಲ್ಲಿ ಕ್ರಮವಾಗಿ ಕಲಿಸಬೇಕು ಎಂಬ ವಿಚಾರವು ಇಂಗ್ಲೆಂಡಿನಲ್ಲಿ ಬೇರೂರಲು ಕಾರಣರಾದವರಲ್ಲಿ ಸರ್ ಹಿಲರಿ ಜೆಂಕಿನ್ಸನ್ ಅಗ್ರಗಣ್ಯರು.

ಚಾರ್ಲ್ಸ್ ಹಿಲರಿ ಜೆಂಕಿನ್ಸನ್ ಅವರು 1882ರ ನವೆಂಬರ್ 1ರಂದು ಲಂಡನ್ನಿನ ಸ್ಟ್ರೆಥಮ್‌ನಲ್ಲಿ ಜನಿಸಿದರು. ಡಲಿಚ್ ಕಾಲೇಜಿನಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜನ್ನು ಸೇರಿ, ಗ್ರೀಕ್ ಮತ್ತು ಲ್ಯಾಟಿನ್ ಅಧ್ಯಯನದಲ್ಲಿ 1904ರಲ್ಲಿ ಪ್ರಥಮ ದರ್ಜೆ ಪಡೆದರು. 1906ರಲ್ಲಿ ಲಂಡನ್ನಿನ ಚಾನ್ಸರಿ ಲೇನ್‌ನಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿಗೆ ಸೇರಿದರು. 1838ರ ಶಾಸನದಿಂದ ಸ್ಥಾಪಿತವಾದ ಆ ಕಚೇರಿಯಲ್ಲಿಯೇ ಅವರ ವೃತ್ತಿಜೀವನದ ಬಹುಭಾಗ ಕಳೆಯಿತು.

ಆ ವೇಳೆಗೆ ಯೂರೋಪಿನ ಇತರ ದೇಶಗಳಲ್ಲಿ ಪತ್ರಪಾಲಕರ ಶಿಕ್ಷಣ ಒಂದು ನೆಲೆಯನ್ನು ಕಂಡಿತ್ತು. ಪ್ಯಾರಿಸ್ಸಿನ ಎಕೋಲ್ ದೆ ಶಾರ್ತ್ 1821ರಲ್ಲಿಯೂ ವಿಯೆನ್ನಾದ ಆಸ್ಟ್ರಿಯನ್ ಇತಿಹಾಸ ಸಂಶೋಧನ ಸಂಸ್ಥೆ 1854ರಲ್ಲಿಯೂ ಸ್ಥಾಪನೆಯಾಗಿದ್ದವು. 1898ರಲ್ಲಿ ಮುಲ್ಲರ್, ಫೈತ್ ಮತ್ತು ಫ್ರುಯಿನ್ ಎಂಬ ಮೂವರು ಡಚ್ ವಿದ್ವಾಂಸರು ದಾಖಲೆಗಳ ಜೋಡಣೆ ಮತ್ತು ವಿವರಣೆಯ ನಿಯಮಗಳನ್ನು ಗ್ರಂಥರೂಪದಲ್ಲಿ ತಂದಿದ್ದರು. ಇಂಗ್ಲೆಂಡಿನಲ್ಲಿ ಇಂಥ ಯಾವ ವ್ಯವಸ್ಥೆಯೂ ಇರಲಿಲ್ಲ. ಪರೀಕ್ಷೆ ಬರೆದು ಕೆಲಸಕ್ಕೆ ಬಂದ ತರುಣನು ಹಿರಿಯರ ಪಕ್ಕದಲ್ಲಿ ಕುಳಿತು ಲಿಪಿಗಳನ್ನು ಓದುತ್ತ ಓದುತ್ತ ವಿದ್ಯೆಯನ್ನು ರೂಢಿಸಿಕೊಳ್ಳಬೇಕಿತ್ತು. ಜೆಂಕಿನ್ಸನ್ನರೂ ಹಾಗೆಯೇ ಕಲಿತರು.

ಅವರ ಪಾಲಿಗೆ ಬಂದದ್ದು ಮಧ್ಯಯುಗದ ರಾಜಭಂಡಾರದ ಲೆಕ್ಕಪತ್ರಗಳು. ಅವುಗಳೊಡನೆ ಸೇರಿದ ಒಂದು ವಿಚಿತ್ರ ವಸ್ತು ಅವರ ಮನಸ್ಸನ್ನು ಸೆಳೆಯಿತು. ಸಲ್ಲಿಸಿದ ಹಣದ ಮೊತ್ತಕ್ಕೆ ತಕ್ಕಂತೆ ಕಚ್ಚು ಹಾಕಿದ ಮರದ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಒಂದು ಭಾಗವನ್ನು ಹಣ ಕೊಟ್ಟವನಿಗೂ ಮತ್ತೊಂದನ್ನು ಭಂಡಾರಕ್ಕೂ ಕೊಡುವ ಪದ್ಧತಿ ಅಲ್ಲಿ ಶತಮಾನಗಳ ಕಾಲ ನಡೆದುಬಂದಿತ್ತು. ಎರಡು ಹೋಳುಗಳು ಕೂಡಿದರೆ ಲೆಕ್ಕ ಸರಿ. 1834ರಲ್ಲಿ ನಿರುಪಯುಕ್ತವೆಂದು ಇಂಥ ಕಡ್ಡಿಗಳನ್ನು ಒಲೆಗಳಲ್ಲಿ ಸುಡುವಾಗ ಬೆಂಕಿ ಹಬ್ಬಿ ಬ್ರಿಟಿಷ್ ಸಂಸತ್ತಿನ ಭವನವೇ ಭಸ್ಮವಾಯಿತು. ಅಳಿದುಳಿದ ಕಡ್ಡಿಗಳನ್ನು ಅಭ್ಯಸಿಸಿ ಜೆಂಕಿನ್ಸನ್ ಪ್ರಬಂಧಗಳನ್ನು ಬರೆದರು. ಒಂದು ಕಾಲದವರು ಕಸವೆಂದು ಎಸೆದದ್ದು ಮತ್ತೊಂದು ಕಾಲದವರಿಗೆ ಸಾಕ್ಷ್ಯವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕಚೇರಿಯ ಕೆಲಸದೊಂದಿಗೆ ಬೋಧನೆಯೂ ಅವರಿಗೆ ಒದಗಿಬಂತು. 1911ರಿಂದ ಕೇಂಬ್ರಿಜ್‌ನಲ್ಲಿ ಮೇಟ್‌ಲಂಡ್ ಸ್ಮಾರಕ ಉಪನ್ಯಾಸಕರಾಗಿಯೂ ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೀಡರ್ ಆಗಿಯೂ ಪ್ರಾಚೀನ ಲಿಪಿಗಳನ್ನೂ ದಸ್ತಾವೇಜುಗಳ ರಚನಾಶಾಸ್ತ್ರವನ್ನೂ ಕಲಿಸಿದರು. ಸಹೋದ್ಯೋಗಿ ಚಾರ್ಲ್ಸ್ ಜಾನ್ಸನ್ ಅವರೊಡನೆ 1915ರಲ್ಲಿ ಪ್ರಕಟಿಸಿದ ಇಂಗ್ಲಿಷ್ ನ್ಯಾಯಾಲಯ ಲಿಪಿಯನ್ನು ಕುರಿತ ಗ್ರಂಥ ಹಾಗೂ 1927ರಲ್ಲಿ ಬಂದ ಅದರ ಉತ್ತರಾರ್ಧ ವಿದ್ಯಾರ್ಥಿಗಳ ಕೈಹೊತ್ತಗೆಗಳಾದವು. ಅಕ್ಷರ ಗುರುತಿಸಿದರೆ ಸಾಲದು, ಆ ಬರವಣಿಗೆ ಯಾವ ಕಚೇರಿಯ ಯಾವ ಕಾರ್ಯಕ್ಕಾಗಿ ಹುಟ್ಟಿತೆಂದು ತಿಳಿಯಬೇಕು ಎಂಬುದು ಅವರ ಪಾಠದ ತಿರುಳಾಗಿತ್ತು.

ಮೊದಲ ಮಹಾಯುದ್ಧದಲ್ಲಿ ಜೆಂಕಿನ್ಸನ್ 1916ರಿಂದ ಫಿರಂಗಿದಳದಲ್ಲಿ ಸೇವೆ ಸಲ್ಲಿಸಿದರು. ಯುದ್ಧವು ಹಿಂದೆಂದೂ ಕಾಣದಷ್ಟು ಕಾಗದಪತ್ರಗಳ ರಾಶಿಯನ್ನು ಬಿಟ್ಟುಹೋಗಿತ್ತು. ಆ ಸಮಸ್ಯೆಯ ಹಿನ್ನೆಲೆಯಲ್ಲಿ 1922ರಲ್ಲಿ ಹೊರಬಂದದ್ದು ಪತ್ರಾಗಾರ ನಿರ್ವಹಣೆಯ ಕೈಪಿಡಿ. 1937ರಲ್ಲಿ ಅದು ಪರಿಷ್ಕೃತವಾಯಿತು. ಆಡಳಿತ ಅಥವಾ ವ್ಯವಹಾರದ ಅಂಗವಾಗಿ ಸಿದ್ಧವಾಗಿ, ಆ ವ್ಯವಹಾರಕ್ಕೆ ಹೊಣೆಯಾದವರೇ ತಮ್ಮ ತಿಳಿವಳಿಕೆಗಾಗಿ ತಮ್ಮ ವಶದಲ್ಲಿ ಉಳಿಸಿಕೊಂಡ ಬರಹಗಳೇ ಪತ್ರಾಗಾರದ ದಾಖಲೆಗಳು ಎಂಬುದು ಅಲ್ಲಿನ ನಿರೂಪಣೆ. ಕನ್ನಡಿಗರಿಗೆ ಇದು ಕಡತದ ನೆನಪನ್ನು ತರುತ್ತದೆ. ಇಂದು ಕಚೇರಿಯ ಫೈಲಿಗೆ ಬಳಸುವ ಈ ಪದ ಮೂಲತಃ ಕಪ್ಪು ಬಳಿದು ಮಡಿಸಿದ ಬಟ್ಟೆಯ ಲೆಕ್ಕದ ಹೊತ್ತಗೆಯನ್ನು ಸೂಚಿಸುತ್ತಿತ್ತು. ಶೃಂಗೇರಿ ಮಠದ ಕಡತಗಳಲ್ಲಿ ಬಳಪ ಹಿಡಿದವನು ಬರೆದದ್ದು ಅಂದಂದಿನ ವ್ಯವಹಾರವನ್ನೇ ಹೊರತು ಮುಂದಿನ ಇತಿಹಾಸಕಾರನಿಗೆ ಸಂದೇಶವನ್ನಲ್ಲ. ಭವಿಷ್ಯದ ಓದುಗನನ್ನು ಮೆಚ್ಚಿಸುವ ಉದ್ದೇಶವಿಲ್ಲದಿರುವುದರಿಂದಲೇ ಇಂಥ ಬರಹಕ್ಕೆ ನಿಷ್ಪಕ್ಷಪಾತದ ಬೆಲೆ ಬರುತ್ತದೆಂದು ಜೆಂಕಿನ್ಸನ್ ವಾದಿಸಿದರು.

ಈ ನಿರೂಪಣೆಯಿಂದಲೇ ಪತ್ರಪಾಲಕನ ಧರ್ಮವೂ ನಿರ್ಣಯವಾಗುತ್ತದೆ. ದಾಖಲೆಯನ್ನು ಭೌತಿಕವಾಗಿ ಕಾಯುವುದು ಒಂದು. ಅದರ ನೈತಿಕ ರಕ್ಷಣೆ ಮತ್ತೊಂದು. ದಾಖಲೆ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಸರಣಿ ಕಡಿಯಬಾರದು. ಅದನ್ನು ಸೃಷ್ಟಿಸಿದ ಕಚೇರಿ ಇಟ್ಟಿದ್ದ ಅನುಕ್ರಮವನ್ನು ಕದಲಿಸಬಾರದು. ವಿಷಯಾನುಸಾರ ಜೋಡಿಸುವ ಉತ್ಸಾಹದಲ್ಲಿ ಒಂದು ಕಟ್ಟನ್ನು ಬಿಚ್ಚಿ ಹಂಚಿದರೆ, ಪ್ರತಿಯೊಂದು ಹಾಳೆಯೂ ಉಳಿದರೂ ಅವುಗಳ ನಡುವಣ ಸಂಬಂಧ ಅಳಿಯುತ್ತದೆ. ಆ ನಷ್ಟವನ್ನು ಯಾವ ಸಂಶೋಧಕನೂ ತುಂಬಿಕೊಡಲಾರ. ಹರಿದ ಪತ್ರದ ದುರಸ್ತಿಯಲ್ಲಿಯೂ ಇದೇ ನಿಷ್ಠೆ. ತೇಪೆ ತೇಪೆಯಾಗಿಯೇ ಕಾಣಬೇಕು, ಲುಪ್ತವಾದ ಅಕ್ಷರವನ್ನು ಊಹಿಸಿ ಬರೆಯಕೂಡದು. ಗ್ರಂಥಸಂಪಾದನೆಯನ್ನು ಅಭ್ಯಸಿಸುವವರಿಗೆ ಈ ಸಂಯಮ ಅಪರಿಚಿತವಲ್ಲ.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ದಾಖಲೆಗಳನ್ನು ಬಾಂಬುಗಳಿಂದ ಉಳಿಸಲು ಹಳ್ಳಿಗಾಡಿನ ಕೋಟೆಗಳಿಗೂ ಸೆರೆಮನೆಗೂ ಸಾಗಿಸಲಾಯಿತು. ಹನ್ನೊಂದನೆಯ ಶತಮಾನದ ಡೂಮ್ಸ್‌ಡೇ ಗ್ರಂಥ ಶೆಪ್ಟನ್ ಮ್ಯಾಲೆಟ್ ಸೆರೆಮನೆಯಲ್ಲಿ ಆಶ್ರಯ ಪಡೆಯಿತು. 1944ರಿಂದ ಜೆಂಕಿನ್ಸನ್ ಯುದ್ಧ ಇಲಾಖೆಯ ಸಲಹೆಗಾರರಾಗಿ ಇಟಲಿ ಮತ್ತು ಜರ್ಮನಿಗಳಲ್ಲಿ ಅಪಾಯಕ್ಕೊಳಗಾದ ಪತ್ರಾಗಾರಗಳ ರಕ್ಷಣೆಗೆ ದುಡಿದರು. ಶತ್ರುದೇಶದ ಕಾಗದವೂ ಸಾಕ್ಷ್ಯವೇ ಎಂಬ ಅವರ ನಿಲುವು ಅಲ್ಲಿ ಕಾರ್ಯರೂಪಕ್ಕೆ ಬಂತು.

ಯುದ್ಧಾನಂತರ ಇಂಗ್ಲೆಂಡಿನ ಜಿಲ್ಲೆ ಜಿಲ್ಲೆಗಳಲ್ಲಿ ದಾಖಲೆ ಕಚೇರಿಗಳು ತಲೆಯೆತ್ತತೊಡಗಿದವು. ಅಲ್ಲಿಗೆ ತರಬೇತಾದವರು ಎಲ್ಲಿಂದ ಬರಬೇಕು? ಈ ಅಗತ್ಯದಿಂದ 1947ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪತ್ರಪಾಲಕರ ಡಿಪ್ಲೊಮಾ ಆರಂಭವಾಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯವೂ ಅದೇ ವರ್ಷ ಶಿಕ್ಷಣಕ್ರಮವನ್ನು ತೆರೆಯಿತು. ಅದೇ ಸಾಲಿನಲ್ಲಿ ಕಚೇರಿಯ ಮುಖ್ಯಸ್ಥರಾಗಿದ್ದ ಜೆಂಕಿನ್ಸನ್ 1947ರ ಅಕ್ಟೋಬರ್ 14ರಂದು ಲಂಡನ್ನಿನ ಶಿಕ್ಷಣಕ್ರಮದ ಉದ್ಘಾಟನಾ ಉಪನ್ಯಾಸವನ್ನು ನೀಡಿದರು. ಪತ್ರಪಾಲಕನಿಗೆ ಲಿಪಿ, ಭಾಷೆ, ಆಡಳಿತದ ಇತಿಹಾಸ ತಿಳಿದಿರಬೇಕು; ಅದರಂತೆಯೇ ಕಾಗದ, ಚರ್ಮಪತ್ರ, ಮುದ್ರೆ, ಕಪಾಟು, ಗಾಳಿ, ತೇವಗಳ ಅರಿವೂ ಇರಬೇಕೆಂದು ಅವರು ಪ್ರತಿಪಾದಿಸಿದರು. ಆದರೆ ಇಷ್ಟು ಕಲಿತವನು ತಾನೇ ಇತಿಹಾಸಕಾರನಾಗುವ ಆಸೆಗೆ ಬಲಿಬೀಳಬಾರದು. ಪ್ರತಿಪಾದಿಸಲು ತನ್ನದೇ ಸಿದ್ಧಾಂತವೊಂದನ್ನು ಇಟ್ಟುಕೊಂಡವನ ಕೈಯಲ್ಲಿ ಇತರರ ಸಾಕ್ಷ್ಯ ಸುರಕ್ಷಿತವಲ್ಲ. ವಿದ್ವತ್ತನ್ನು ಸಂಪಾದಿಸಿ ಅದನ್ನು ಪರರ ಸತ್ಯಶೋಧನೆಗೆ ಮುಡಿಪಿಡುವುದೇ ಈ ಶಿಕ್ಷಣದ ಗುರಿಯೆಂದು ಅವರು ನಂಬಿದ್ದರು.

ಈ ನಂಬಿಕೆ ಒಂದು ಕಡೆ ಬಿಕ್ಕಟ್ಟಿಗೆ ಸಿಲುಕಿತು. ಸರ್ಕಾರದ ಎಲ್ಲ ಕಾಗದಗಳನ್ನೂ ಉಳಿಸಲು ಸಾಧ್ಯವಿಲ್ಲ. ಯಾವುದನ್ನು ಉಳಿಸಬೇಕೆಂದು ನಿರ್ಣಯಿಸುವವರು ಯಾರು? ಅದು ದಾಖಲೆಯನ್ನು ಸೃಷ್ಟಿಸಿದ ಇಲಾಖೆಯ ಹೊಣೆ, ಪತ್ರಪಾಲಕ ಆರಿಸತೊಡಗಿದರೆ ತನ್ನ ಕಾಲದ ಅಭಿರುಚಿಯನ್ನು ಮುಂದಿನವರ ಮೇಲೆ ಹೇರಿದಂತಾಗುತ್ತದೆ ಎಂಬುದು ಜೆಂಕಿನ್ಸನ್ನರ ಉತ್ತರ. ಅಮೆರಿಕದ ಥಿಯೊಡೋರ್ ಶೆಲೆನ್‌ಬರ್ಗ್ 1956ರ ತಮ್ಮ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ತೋರಿದರು. ಇಪ್ಪತ್ತನೆಯ ಶತಮಾನದ ಕಾಗದದ ಪ್ರವಾಹದಲ್ಲಿ ಆಯ್ಕೆ ಅನಿವಾರ್ಯ, ಇತಿಹಾಸದ ತರಬೇತಿ ಪಡೆದ ಪತ್ರಪಾಲಕನೇ ಅದಕ್ಕೆ ಅರ್ಹ ಎಂಬುದು ಅವರ ಮತ. ಬ್ರಿಟನ್ನಿನಲ್ಲಿಯೂ ಗ್ರಿಗ್ ಸಮಿತಿಯ 1954ರ ವರದಿ ಮತ್ತು 1958ರ ಸಾರ್ವಜನಿಕ ದಾಖಲೆಗಳ ಶಾಸನ ಒಂದು ನಡುದಾರಿಯನ್ನು ಹಿಡಿದವು. ಆಯ್ಕೆಯ ಹೊಣೆ ಇಲಾಖೆಗಳದೇ ಆದರೂ ಅದು ದಾಖಲೆಗಳ ಕಚೇರಿಯ ಮಾರ್ಗದರ್ಶನದಲ್ಲಿ ನಡೆಯಬೇಕಾಯಿತು. ತನ್ನನ್ನೇ ಆಪಾದಿಸುವ ಕಾಗದವನ್ನು ಇಲಾಖೆ ತಾನಾಗಿ ಉಳಿಸೀತೇ ಎಂಬ ಪ್ರಶ್ನೆಗೆ ಜೆಂಕಿನ್ಸನ್ನರ ಸಿದ್ಧಾಂತದಲ್ಲಿ ತೃಪ್ತಿಕರ ಸಮಾಧಾನವಿಲ್ಲವೆಂಬುದನ್ನು ಒಪ್ಪಬೇಕು.

1949ರಲ್ಲಿ ಸರ್ ಪದವಿಯಿಂದ ಸನ್ಮಾನಿತರಾದ ಜೆಂಕಿನ್ಸನ್ 1954ರಲ್ಲಿ ನಿವೃತ್ತರಾದರು. 1957ರಲ್ಲಿ ಅವರಿಗೆ ಅಭಿನಂದನ ಗ್ರಂಥವೊಂದು ಅರ್ಪಿತವಾಯಿತು. 1961ರ ಮಾರ್ಚ್ 5ರಂದು ಅವರು ನಿಧನರಾದರು. ಮರುವರ್ಷ ಸ್ಮರಣ ಗ್ರಂಥ ಪ್ರಕಟವಾಯಿತು. 1981ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯ ಪತ್ರಾಗಾರ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು. ಅಲ್ಲಿನ ಲೂಚಿಯಾನಾ ದುರಾಂತಿ ಅವರು ಕಂಪ್ಯೂಟರ್ ದಾಖಲೆಗಳ ವಿಶ್ವಾಸಾರ್ಹತೆಯನ್ನು ಪರೀಕ್ಷಿಸಲು ಹಳೆಯ ದಸ್ತಾವೇಜು ಶಾಸ್ತ್ರವನ್ನೇ ಬಳಸಿದಾಗ ಜೆಂಕಿನ್ಸನ್ನರ ವಿಚಾರಗಳಿಗೆ ಹೊಸ ಜೀವ ಬಂತು. ಪತ್ರಪಾಲಕ ಎಂದೂ ಸಂಪೂರ್ಣ ತಟಸ್ಥನಾಗಿರಲಾರನೆಂದು ಟೆರ್ರಿ ಕುಕ್ ಮೊದಲಾದವರು ಎತ್ತಿದ ಆಕ್ಷೇಪವೂ ಅಷ್ಟೇ ಗಂಭೀರವಾದುದು.

ಭಾರತದಲ್ಲಿ ಈ ಶಿಕ್ಷಣ ಲಂಡನ್ನಿನ ಡಿಪ್ಲೊಮಾಕ್ಕಿಂತ ಮೊದಲೇ ಚಿಗುರಿತ್ತು. ಕಲ್ಕತ್ತ ವಿಶ್ವವಿದ್ಯಾಲಯದಿಂದ ಬಂದ ಇತಿಹಾಸಕಾರ ಸುರೇಂದ್ರನಾಥ ಸೇನರ ನೇತೃತ್ವದಲ್ಲಿ 1941ರಲ್ಲಿ ದೆಹಲಿಯ ಅಂದಿನ ಇಂಪೀರಿಯಲ್ ರೆಕಾರ್ಡ್ ಇಲಾಖೆ ತರಬೇತಿಯನ್ನು ಆರಂಭಿಸಿತು. ಅದೇ ಮುಂದೆ ರಾಷ್ಟ್ರೀಯ ಪತ್ರಾಗಾರವಾಯಿತು. ಕನ್ನಡ ಸಂಶೋಧನೆಗೂ ಇಲ್ಲಿ ಪಾಠವುಂಟು. ಕೈಫಿಯತ್ತನ್ನೋ ಕಡತವನ್ನೋ ಓಲೆಯ ಕಟ್ಟನ್ನೋ ಪಡೆದು ತಂದವರು ಅದರ ಪಾಠವನ್ನು ನಕಲು ಮಾಡಿಕೊಳ್ಳುವ ಮುನ್ನ ಅದು ಯಾವ ಮನೆಯಿಂದ, ಯಾವ ಮಠದಿಂದ, ಯಾವ ಕಟ್ಟಿನ ಜೊತೆಯಲ್ಲಿ ಬಂತೆಂದು ಬರೆದಿಟ್ಟರೆ, ಆ ಒಂದು ಸಾಲು ಮುಂದಿನ ತಲೆಮಾರಿನ ಓದುಗನಿಗೆ ಒಂದು ಟೀಕೆಗಿಂತ ಹೆಚ್ಚು ನೆರವಾದೀತು.