ರಾಬರ್ಟ್ ಬ್ರೂಸ್ ಫೂಟ್: ಕಲ್ಲು ಮತ್ತು ಅದರ ನೆಲೆ

ಪ್ರಾಕ್ತನಶಾಸ್ತ್ರವನ್ನು ವ್ಯಾಸಂಗಕ್ಕೆ ಆರಿಸಿಕೊಳ್ಳಬಯಸುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನವು. ಇದಕ್ಕೆ ಯಾವ ಪದವಿ ಬೇಕು? ಇದರಿಂದ ಜೀವನ ಸಾಗೀತೇ? ನೆಲವನ್ನು ಅಗೆದು ವಸ್ತುಗಳನ್ನು ಹೊರತೆಗೆಯುವುದಲ್ಲದೆ ಇದರಲ್ಲಿ ಬೇರೇನಿದೆ? ಭಾರತೀಯ ಪ್ರಾಗಿತಿಹಾಸ ಅಧ್ಯಯನದ ಜನಕರೆನಿಸಿದ ಫೂಟ್ ಅವರು ಈ ಶಾಸ್ತ್ರದಲ್ಲಿ ಪದವಿ ಪಡೆದವರಲ್ಲ, ಅದಕ್ಕಾಗಿ ಸಂಬಳ ಪಡೆದವರೂ ಅಲ್ಲ. ಅವರ ಜೀವನವನ್ನು ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ನೋಡುವುದು ಉಚಿತ.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಶಿಲಾಸ್ತರಗಳ ನಕ್ಷೆ ತಯಾರಿಸುವುದು ಅವರ ವೃತ್ತಿ. ಮರುವರ್ಷವೇ, ಫ್ರಾನ್ಸಿನ ಸೋಮ್ ನದಿಯ ಜಲ್ಲಿಪದರಗಳಲ್ಲಿ ದೊರೆತ ಕಲ್ಲಿನ ಉಪಕರಣಗಳು ಅತಿ ಪ್ರಾಚೀನ ಮಾನವನವೆಂದು ಯೂರೋಪಿನ ವಿದ್ವಾಂಸರು ಒಪ್ಪಿದ್ದರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಜಲ್ಲಿ ತೆಗೆದ ಗುಂಡಿಯ ಬಳಿ ಫೂಟ್ ಅವರಿಗೆ ಮನುಷ್ಯ ಕೆತ್ತಿದ ಕಲ್ಲೊಂದು ಕಣ್ಣಿಗೆ ಬಿತ್ತು.

ಪಠ್ಯಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಆ ಕಲ್ಲು ದೊರೆತದ್ದು ಅಗೆದು ಹೊರಹಾಕಿದ ಜಲ್ಲಿಯಲ್ಲಿ. ಅದು ಯಾವ ಪದರದ್ದೆಂದು ಅದೊಂದರಿಂದಲೇ ಸಾಧಿಸುವುದು ಕಷ್ಟ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಕೊರ್ತಲೈಯಾರ್ ಕಣಿವೆಯ ಅತ್ತಿರಂಪಾಕ್ಕಂ ಎಂಬಲ್ಲಿ ಜಂಬಿಟ್ಟಿಗೆಯ ಜಲ್ಲಿಪದರದಲ್ಲಿಯೇ ಅಂತಹ ಉಪಕರಣಗಳನ್ನು ಕಂಡ ಮೇಲೆ ಅವರ ವಾದಕ್ಕೆ ಬಲ ಬಂದಿತು. ನನ್ನ ದೃಷ್ಟಿಯಲ್ಲಿ ಮೇ ತಿಂಗಳ ಅದೃಷ್ಟಕ್ಕಿಂತ ಸೆಪ್ಟೆಂಬರಿನ ಈ ಶ್ರಮವೇ ಹಿರಿದು. ಕಲ್ಲನ್ನು ಅದರ ನೆಲೆಯಿಂದ ಬೇರ್ಪಡಿಸಿ ನೋಡಬಾರದೆಂಬ ಎಚ್ಚರವನ್ನು ಅವರಿಗೆ ಕಲಿಸಿದ್ದು ಭೂವಿಜ್ಞಾನ. 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದೇ ಅತ್ತಿರಂಪಾಕ್ಕಂನ ಅತ್ಯಂತ ಕೆಳಗಿನ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷಗಳ ಪ್ರಾಚೀನತೆಯನ್ನು ನಿರ್ಣಯಿಸಿತು.

ಕನ್ನಡ ನಾಡಿಗೆ ಫೂಟ್ ಬಂದದ್ದೂ ಇಲಾಖೆಯ ಕೆಲಸದ ಮೇಲೆಯೇ. ಮಲಪ್ರಭಾ ಕಣಿವೆಯಲ್ಲಿ ಅವರು ಗುರುತಿಸಿದ ಹಳೆಯ ಶಿಲಾಯುಗದ ಕುರುಹುಗಳ ಜಾಡನ್ನು ಹಿಡಿದು ಪುಣೆಯ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿಯವರು ನಡೆಸಿದ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಶಿಲಾಸ್ತರಗಳ ಒಂದು ಮುಖ್ಯ ವರ್ಗಕ್ಕೆ ಧಾರವಾಡದ ಹೆಸರನ್ನು ಕೊಟ್ಟವರೂ ಫೂಟ್ ಅವರೇ.

ಬಳ್ಳಾರಿ ಪ್ರದೇಶದ ಬೂದಿದಿಬ್ಬಗಳ ವಿಷಯ ಕನ್ನಡ ವಿದ್ಯಾರ್ಥಿಗಳಿಗೆ ಇನ್ನೂ ಸ್ವಾರಸ್ಯಕರವಾದುದು. ಕುಡತಿನಿಯ ದಿಬ್ಬ ಭೀಮ ಕೊಂದ ಹಿಡಿಂಬಾಸುರನ ಬೂದಿಯೆಂದೂ, ಹಂಪೆಯ ಬಳಿಯ ನಿಂಬಾಪುರದ್ದು ವಾಲಿಯ ಚಿತಾಭಸ್ಮವೆಂದೂ ಸ್ಥಳೀಯ ಐತಿಹ್ಯ. ಫೂಟ್ ಅವರು ಅಲ್ಲಿನ ಕಲ್ಲುಕೊಡಲಿ, ಮಡಕೆಚೂರುಗಳನ್ನು ಪರಿಶೀಲಿಸಿ, ಅದು ಸಗಣಿ ಸುಟ್ಟ ಬೂದಿ, ನವಶಿಲಾಯುಗದ ಜನರದು ಎಂಬ ನಿಲುವಿಗೆ ಬಂದರು. ಇದನ್ನು ಎಲ್ಲರೂ ಒಪ್ಪಲಿಲ್ಲ. ಆಲ್ಚಿನ್ ಅವರು 1957ರಲ್ಲಿ ಉತ್ನೂರಿನಲ್ಲಿ ಉತ್ಖನನ ನಡೆಸಿ, ಅಲ್ಲಿ ದನದ ದೊಡ್ಡಿಗಳಿದ್ದವೆಂದು ತೋರಿಸಿದ ಮೇಲೆ ಫೂಟ್ ಅವರ ಊಹೆ ಸ್ಥಿರಪಟ್ಟಿತು. ಅವರ ಬರಹದಲ್ಲಿ ಬುದಿಕನಮ ಎಂದು ಕಾಣುವ ಸ್ಥಳ ಬೂದಿಕಣಿವೆ. ಕನ್ನಡ ಬಲ್ಲವನಿಗೆ ಹೆಸರೇ ಅರ್ಧ ಸಂಗತಿಯನ್ನು ಹೇಳಿಬಿಡುತ್ತದೆ.

ಅವರ ಎಲ್ಲ ತೀರ್ಮಾನಗಳೂ ನಿಲ್ಲಲಿಲ್ಲ. ಸಾಬರಮತಿ ಕಣಿವೆಯ ದಪ್ಪ ಮಣ್ಣಿನ ಪದರಗಳನ್ನು ಕಂಡು, ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮನುಷ್ಯನಿಲ್ಲದ ದೀರ್ಘ ಅಂತರವಿತ್ತೆಂದು ಅವರು ಭಾವಿಸಿದ್ದರು. 1940ರ ದಶಕದಲ್ಲಿ ಅದೇ ಗುಜರಾತಿನ ಲಾಂಘಣಜದಲ್ಲಿ ಎಚ್. ಡಿ. ಸಾಂಕಳಿಯಾ ಅವರು ನಡೆಸಿದ ಉತ್ಖನನಗಳು ಸೂಕ್ಷ್ಮ ಶಿಲೋಪಕರಣಗಳ ಜನರನ್ನು ಆ ಅಂತರದಲ್ಲಿ ತಂದು ನಿಲ್ಲಿಸಿದವು. ನೆಲೆಯ ವಿವರಗಳನ್ನು ಫೂಟ್ ಬರೆದಿಟ್ಟಿದ್ದರಿಂದಲೇ ಅವರನ್ನು ತಿದ್ದುವುದು ಸಾಧ್ಯವಾಯಿತು.

1891ರಲ್ಲಿ ಇಲಾಖೆಯಿಂದ ನಿವೃತ್ತರಾದ ಮೇಲೆ ಬರೋಡಾ, ಅನಂತರ ಮೈಸೂರು ಸಂಸ್ಥಾನಗಳಲ್ಲಿ ಅವರು ಭೂವಿಜ್ಞಾನಿಯಾಗಿದ್ದರು. ಜೀವನೋಪಾಯಕ್ಕೆ ಕೊನೆಯವರೆಗೂ ಅದೇ ವೃತ್ತಿ. ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಹಾಕಿದ ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಅನಂತರ ಏರ್ಕಾಡಿನ ವಾಸದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಒಂದೊಂದು ವಸ್ತುವೂ ಯಾವ ಊರಿನದೆಂಬ ವಿವರಣಾತ್ಮಕ ಸೂಚಿಯನ್ನು ಅವರು ಸಿದ್ಧಪಡಿಸುತ್ತಿದ್ದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಸೂಚಿ 1914ರಲ್ಲಿಯೂ ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಅಚ್ಚಾದವು.